ಬೈಕ್ ನನ್ನ ವೇಗ ಬರೆದಿಟ್ಟುಕೊಂಡಿತ್ತು ಅಂತ ಬಿದ್ದ ಮೇಲೆ ಗೊತ್ತಾಯ್ತು. ಆ ದಾಖಲೆ ಯಾರದ್ದು?

ಸದಾಶಿವಗಡ ಸವಾರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಜುಲೈನಲ್ಲಿ ಒಂದು ಸಂಜೆ ಅಂಕೋಲೆಯಿಂದ ಮನೆಗೆ ಬರ್ತಿದ್ದೆ. ಅಮದಳ್ಳಿ ಹತ್ರ ಜೋರು ಮಳೆ. ಗುಡ್ಡದ ಕೆಂಪು ಮಣ್ಣು ರಸ್ತೆಗೆ ಹರಿದು ಬಂದಿತ್ತು, ಅದರ ಮೇಲೆ ಒಂದು ಎಮ್ಮೆ ಅಡ್ಡ ನಿಂತಿತ್ತು. ಬ್ರೇಕ್ ಹಿಡಿದೆ, ಗಾಡಿ ಜಾರಿತು. ಹೆಗಲ ಎಲುಬು ಮುರಿದು ಆರು ವಾರ ಮನೆಯಲ್ಲೇ ಇದ್ದೆ. ಬೈಕಿನ ಮುಂದಿನ ಫೋರ್ಕ್ ಸೊಟ್ಟ, ಟ್ಯಾಂಕ್ ಜಜ್ಜಿ ಹೋಗಿತ್ತು. ವಿಮೆ ಕ್ಲೇಮ್ ಹಾಕಿದೆ. 50ರ ಆಸುಪಾಸಿನಲ್ಲಿದ್ದೆ ಅಂತ ಬರೆದುಕೊಟ್ಟೆ, ಅದು ನಿಜವೂ ಹೌದು.

ಮೊನ್ನೆ ಪತ್ರ ಬಂತು. "ವಾಹನದ ಎಲೆಕ್ಟ್ರಾನಿಕ್ ದಾಖಲೆಯ ಪ್ರಕಾರ ಘಟನೆಯ ವೇಳೆ ವೇಗ ಗಂಟೆಗೆ 91 ಕಿಮೀ. ಹೇಳಿಕೆಗೆ ತಾಳೆಯಾಗುತ್ತಿಲ್ಲ." ಕ್ಲೇಮ್ ತಡೆಹಿಡಿದಿದ್ದಾರೆ.

ಬೈಕ್ ಇಂಥದ್ದನ್ನೆಲ್ಲ ಬರೆದಿಡುತ್ತೆ ಅಂತ ಕೊಳ್ಳುವಾಗ ಯಾರೂ ಹೇಳಲಿಲ್ಲ. ರಿಪೇರಿಗೆ ಬಿಟ್ಟ ಜಾಗದಲ್ಲಿ ಅದನ್ನು ತೆಗೆದು ಬೇರೆಯವರಿಗೆ ಕೊಟ್ಟಿದ್ದಾರೆ, ಒಂದು ಮಾತು ಕೇಳಲಿಲ್ಲ. ಕಂಪನಿ, ಶೋರೂಮ್ ಹೆಸರು ಹಾಕಲ್ಲ, ವ್ಯವಹಾರ ಇನ್ನೂ ಮುಗಿದಿಲ್ಲ. ಗೊತ್ತಿದ್ದವರು ಹೇಳಿ: ಗಾಡಿ ಏನೇನು ಬರೆದಿಡುತ್ತೆ? ಅದನ್ನು ತೆಗೆಯೋ ಹಕ್ಕು ಯಾರಿಗಿದೆ?

ಘಟ್ಟದ ಮೇಲಿನವ
ಮೊದಲು ಆರೋಗ್ಯ ನೋಡ್ಕೊಳ್ಳಿ. ಆದ್ರೆ ಒಂದು ಕೇಳ್ತೆ, ಬೇಜಾರು ಮಾಡ್ಕೋಬೇಡಿ. 50ರಲ್ಲೇ ಇದ್ರೆ 91 ಎಲ್ಲಿಂದ ಬಂತು? ಮಿಷನ್ ಎಂತಕ್ಕೆ ಸುಳ್ಳು ಹೇಳ್ತು?

ಶಿರಸಿ ಗ್ಯಾರೇಜ್
ಮಿಷನ್ ಸುಳ್ಳು ಹೇಳೋದಿಲ್ಲ, ಆದ್ರೆ ಅದು ಹೇಳಿದ್ದನ್ನ ಓದೋಕೆ ಬರಬೇಕು. 22 ವರ್ಷದಿಂದ ಸ್ಪ್ಯಾನರ್ ಹಿಡ್ದಿದ್ದೇನೆ, ಈಗ ಆರೇಳು ವರ್ಷದಿಂದ ಸ್ಕ್ಯಾನರ್ ಕೂಡ. ನನಗೆ ತಿಳಿದಷ್ಟು ಹೇಳ್ತೇನೆ.

2020ರ ಏಪ್ರಿಲ್ 1ಕ್ಕೆ ಹೊಗೆ ಮಿತಿಯ ಬಿಎಸ್ 6 ನಿಯಮ ಬಂತಲ್ಲ, ಅಲ್ಲಿಂದ ಮುಂದೆ ಬಂದ ಗಾಡಿಗಳಲ್ಲಿ ಇಸಿಯು ಅಂತ ಇಂಜಿನ್ ನೋಡಿಕೊಳ್ಳೋ ಸಣ್ಣ ಕಂಪ್ಯೂಟರ್, ಅದರೊಳಗೆ ದೋಷದ ಕೋಡ್ ಉಳಿಸೋ ವ್ಯವಸ್ಥೆ ಇರುತ್ತೆ. ಇಂಜಿನ್ ದೀಪ ಹತ್ತಿದ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ಇಂಜಿನ್ ಬಿಸಿ ಎಷ್ಟು, ಥ್ರಾಟಲ್ ಎಷ್ಟು ತೆರೆದಿತ್ತು ಅಂತ ಒಂದು ಸಾಲು ಉಳಿದಿರುತ್ತೆ. ಅದು ಮೆಕ್ಯಾನಿಕ್‌ಗೆ ಬೇಕಾದದ್ದು, ಅದರಲ್ಲಿ ಯಾರ ಗುಟ್ಟೂ ಇಲ್ಲ.

ಎರಡನೇದು, ನಿಜವಾಗಿ ಅಪಘಾತವನ್ನೇ ಬರೆದಿಡೋದು. ಕೆಲವೇ ಬೈಕುಗಳಲ್ಲಿದೆ. ಕವಾಸಕಿಯ ಕೆಲವು ನಿಂಜಾಗಳಲ್ಲಿ ಇದೆ ಅಂತ ಹೊರದೇಶದ ಅಪಘಾತ ತಜ್ಞರು ಪರೀಕ್ಷೆ ಮಾಡಿ ಬರೆದಿದ್ದಾರೆ. ಗಾಡಿ ಮಲಗಿದ್ದು ಸೆನ್ಸರ್‌ಗೆ ಗೊತ್ತಾದ ತಕ್ಷಣ, ಅದಕ್ಕೆ ಹಿಂದಿನ ಕೆಲವು ಸೆಕೆಂಡುಗಳ ವೇಗ, ಗೇರು, ಥ್ರಾಟಲ್ ಎಲ್ಲ ಮೆಮೊರಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತೆ. ಬ್ಯಾಟರಿ ತೆಗೆದ್ರೂ ಅಳಿಸಲ್ಲ.

ಮೂರನೇದು ಸಿಮ್ ಇರೋ ಗಾಡಿ, ಈಗಿನ ಎಷ್ಟೋ ಇಲೆಕ್ಟ್ರಿಕ್ ಸ್ಕೂಟರ್‌ಗಳ ಹಾಗೆ. ಅದು ಎಲ್ಲಿದೆ, ಎಷ್ಟು ಓಡಿತು ಅನ್ನೋದು ಕಂಪನಿಯ ಸರ್ವರ್‌ಗೇ ಹೋಗುತ್ತೆ. ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಇಲ್ಲ ಅಂತ ಸಮಾಧಾನ ಪಡೋ ಹಾಗಿಲ್ಲ, ಇಂಥ ಸಾಧನಗಳು ಒಳಗೆ ಉಳಿಸಿಟ್ಟು ಕೆಳಗೆ ಕುಮಟಾ ಮುಟ್ಟಿದ ಮೇಲೆ ಒಟ್ಟಿಗೆ ಕಳಿಸ್ತವೆ.

ನಿಮ್ಮದು ಯಾವ ಗಾಡಿ, ಯಾವ ವರ್ಷದ್ದು? ಎರಡೂ ಚಕ್ರಕ್ಕೆ ಎಬಿಎಸ್, ಅಂದ್ರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು, ಇದೆಯಾ?

ಸದಾಶಿವಗಡ ಸವಾರ
2022ರದ್ದು. ಎರಡೂ ಚಕ್ರಕ್ಕೆ ಎಬಿಎಸ್ ಇದೆ. ಸಿಮ್ ಇಲ್ಲ, ಬ್ಲೂಟೂತ್ ಮಾತ್ರ.

ಶಿರಸಿ ಗ್ಯಾರೇಜ್
ಹಾಗಾದ್ರೆ ಎರಡೂ ಚಕ್ರಕ್ಕೆ ಬೇರೆ ಬೇರೆ ವೇಗದ ಸೆನ್ಸರ್ ಇರುತ್ತೆ, 91 ಯಾವ ಚಕ್ರದ ವೇಗ ಅಂತ ಕೇಳಿ. ಇದು ಬಹಳ ಮುಖ್ಯ. ಬೈಕಿಗೆ ತಾನು ಎಷ್ಟು ವೇಗದಲ್ಲಿ ಹೋಗ್ತಿದ್ದೇನೆ ಅಂತ ನೇರವಾಗಿ ಗೊತ್ತಾಗಲ್ಲ, ಚಕ್ರ ಎಷ್ಟು ಸುತ್ತಿತು ಅಂತ ಮಾತ್ರ ಗೊತ್ತು. ಗಾಡಿ ಬಿದ್ದು ಹಿಂದಿನ ಚಕ್ರ ಗಾಳಿಯಲ್ಲಿದ್ದು, ಬೀಳೋ ಗಾಬರಿಯಲ್ಲಿ ಕೈ ಆಕ್ಸಿಲರೇಟರ್ ಬಿಗಿ ಹಿಡಿದಿದ್ರೆ ಆ ಚಕ್ರ 90 ಏನು 120ರ ಲೆಕ್ಕದಲ್ಲೂ ತಿರುಗುತ್ತೆ. ಇಂಜಿನ್ ತಾನಾಗಿ ಬಂದ್ ಆಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಮಣ್ಣಿನ ಮೇಲೆ ಜಾರಿದಾಗಲೂ ಅದೇ ಕತೆ. ಒಂದು ಅಂಕಿ ಹೇಳಿದ್ರೆ ಸಾಲದು. ಯಾವ ಚಕ್ರ, ಬೀಳೋಕೆ ಎಷ್ಟು ಸೆಕೆಂಡ್ ಮುಂಚೆ ಅಥವಾ ನಂತರ, ಆಗ ಯಾವ ಗೇರು. ಪೂರ್ತಿ ಹಾಳೆ ಕೇಳಿ.

ಘಟ್ಟದ ಮೇಲಿನವ
ಅದು ನಂಗೆ ಗೊತ್ತಿರಲಿಲ್ಲ. ಸವಾರರೇ, ನನ್ನ ಪ್ರಶ್ನೆ ಒರಟಾಯ್ತು, ಕ್ಷಮಿಸಿ. ಆದ್ರೂ ಒಂದು ಮಾತು. ನಮ್ಮ ಶಿರಸಿ ಕುಮಟಾ ರಸ್ತೆಯಲ್ಲಿ ವಾರಾಂತ್ಯ ಬಂದ್ರೆ ಹೊರಗಿನವರು ಗುಂಪು ಕಟ್ಕೊಂಡು ತಿರುವಿನಲ್ಲಿ ಮಂಡಿ ನೆಲಕ್ಕೆ ತಾಗಿಸೋ ಹಾಗೆ ಓಡಿಸ್ತಾರೆ. ಅಡಿಕೆ ಕೊಯ್ಲು ಮುಗಿಸಿ ನಡ್ಕೊಂಡು ಬರೋ ಹೆಂಗಸರು ಗಟಾರಕ್ಕೆ ಇಳಿದು ನಿಲ್ಲಬೇಕು. ಇಂಥವರ ಗಾಡಿಯಲ್ಲಿ ದಾಖಲೆ ಇರಲಿ ಅಂತಲೇ ನನ್ನ ಅಭಿಪ್ರಾಯ. ತಪ್ಪು ಮಾಡದವನಿಗೆ ಹೆದರಿಕೆ ಯಾಕೆ?

ಅಘನಾಶಿನಿ ತೀರ
"ತಪ್ಪು ಮಾಡದವನಿಗೆ ಹೆದರಿಕೆ ಯಾಕೆ" ಅನ್ನೋರಿಗೆ ನನ್ನದೊಂದು ಕತೆ ಹೇಳ್ತೇನೆ.

ನಾನು ಕೆಲಸಕ್ಕೆ ಹೋಗೋಕೆ ಇಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ದುಡ್ಡು ನನ್ನದು, ಕಂತು ಕಟ್ಟೋದೂ ನಾನೇ. ಶೋರೂಮಿಗೆ ಅಣ್ಣ ಬಂದಿದ್ದ, ಅವನ ಫೋನಿನಲ್ಲಿ ಆ್ಯಪ್ ಹಾಕಿಸ್ಕೊಂಡ. ನನಗೆ ಅದು ಏನಂತ ತಿಳಿಯಲಿಲ್ಲ. ಮೂರು ತಿಂಗಳಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ "ಬುಧವಾರ ನಾಲ್ಕು ಗಂಟೆಗೆ ಮಿರ್ಜಾನದಲ್ಲಿ ಏನು ಕೆಲಸ ಇತ್ತು ನಿಂಗೆ?" ಅಂದ. ಗೆಳತಿ ಒಬ್ಬಳ ಜೊತೆ ಕೋಟೆ ನೋಡೋಕೆ ಹೋಗಿದ್ದೆ, ಅಷ್ಟೇ. ತಪ್ಪು ಏನೂ ಇರಲಿಲ್ಲ. ಆದ್ರೆ ಅವತ್ತಿನಿಂದ ಎಲ್ಲಿಗೆ ಹೋದ್ರೂ ಮೊದಲೇ ಉತ್ತರ ಜೋಡಿಸಿಕೊಂಡು ಹೋಗೋ ಹಾಗಾಗಿದೆ. ಪುಸ್ತಕದಂಗಡಿಯಲ್ಲಿ ಅರ್ಧ ಗಂಟೆ ಜಾಸ್ತಿ ನಿಂತ್ರೂ ಯೋಚನೆ ಬರುತ್ತೆ.

ಅಣ್ಣ ಕೆಟ್ಟವನಲ್ಲ. ಅವನಿಗೆ ಅದು ಕಾಳಜಿ. ನನಗೆ ಅದು ಉಸಿರು ಕಟ್ಟಿದ ಹಾಗೆ. ಪೊಲೀಸ್, ವಿಮೆ, ಕಂಪನಿ ಅಂತ ಎಲ್ಲರೂ ಮಾತಾಡ್ತಿದ್ದೀರಿ. ಮೊದಲು ನೋಡೋ ಕಣ್ಣು ಮನೆಯೊಳಗೇ ಇರುತ್ತೆ.

ಶರಾವತಿ ಸೇತುವೆ
ತಂಗೀ, ನಿನ್ನ ಮಾತು ಓದಿ ನನ್ನನ್ನೇ ಕೇಳ್ಕೊಂಡೆ. ನನ್ನ ಮಗ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಸಾಗರಕ್ಕೆ ಬೈಕಿನಲ್ಲಿ ಓಡಾಡ್ತಾನೆ. ಅವನ ಗಾಡಿಗೆ ಜಿಪಿಎಸ್ ಹಾಕಿಸಿದ್ದೇನೆ, ಅವನಿಗೆ ಗೊತ್ತಿದೆ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದಾಗ ನದಿ ಪಾಲಾದ ಆ ಕೇರಳದ ಲಾರಿಯ ಜಿಪಿಎಸ್ ಕಡೆಯದಾಗಿ ತೋರಿಸಿದ್ದು ಅದೇ ಜಾಗವನ್ನ. ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಆ ಎರಡು ತಿಂಗಳು ಚಾಲಕನ ಮನೆಯವರಿಗೆ ಹಿಡಿದುಕೊಳ್ಳೋಕೆ ಇದ್ದದ್ದು ಆ ಒಂದು ಚುಕ್ಕಿ. ಮಳೆಗಾಲದಲ್ಲಿ ಮಗ ಘಟ್ಟದಲ್ಲಿದ್ದಾನೆ ಅಂದ್ರೆ ನಾನು ಫೋನ್ ನೋಡದೆ ಇರಲಾರೆ. ಇದನ್ನು ಬಿಡು ಅಂದ್ರೆ ಆಗಲ್ಲ.

ಅಘನಾಶಿನಿ ತೀರ
ಬಿಡಿ ಅಂತ ನಾನೂ ಹೇಳ್ತಿಲ್ಲ ಅಂಕಲ್. ನಿಮ್ಮ ಮಗನಿಗೆ ಗೊತ್ತಿದೆ, ನನಗೆ ಗೊತ್ತಿರಲಿಲ್ಲ. ನಾನು ಹೇಳೋದು ಇಷ್ಟೇ.

ಓಂ ಬೀಚ್ ಬಾಡಿಗೆ ಗಾಡಿ
ಗೋಕರ್ಣದಲ್ಲಿ ಆರು ಸ್ಕೂಟರ್ ಬಾಡಿಗೆಗೆ ಕೊಡ್ತೇನೆ, ಎಲ್ಲದಕ್ಕೂ ಜಿಪಿಎಸ್ ಇದೆ. ಒಂದ್ಸಲ ಒಂದು ಗಾಡಿ ಹೇಳದೆ ಕೇಳದೆ ಗೋವಾ ಸೇರಿತ್ತು, ಜಿಪಿಎಸ್ ಇದ್ದದ್ದರಿಂದ ಕಾಣಕೋಣದಲ್ಲಿ ಸಿಕ್ತು. ಕೀ ಕೊಡುವಾಗಲೇ ಹೇಳ್ತೇನೆ, ಕಾಗದದ ಮೇಲೆ ಸಹಿ ಹಾಕಿಸ್ಕೊಳ್ತೇನೆ. ಬೇಡ ಅಂದವರು ಬೇರೆ ಕಡೆ ತಗೋಬಹುದು.

ಯಾಣದ ಬಂಡೆ
ಗಾಡಿ ವಾಪಸ್ ಬಂದ ಮೇಲೆ ಅವರು ಎಲ್ಲೆಲ್ಲಿ ಹೋಗಿದ್ರು ಅನ್ನೋ ದಾಖಲೆ ಅಳಿಸ್ತೀರಾ?

ಓಂ ಬೀಚ್ ಬಾಡಿಗೆ ಗಾಡಿ
ಇಲ್ಲಿಯವರೆಗೆ ಅಳಿಸಿಲ್ಲ. ಯೋಚನೆಯೇ ಬಂದಿರಲಿಲ್ಲ. ಆ್ಯಪ್‌ನಲ್ಲಿ ಮೂರು ತಿಂಗಳದ್ದು ಕಾಣ್ತಿದೆ. ಗಾಡಿ ವಾಪಸ್ ಬಂದ ದಿನವೇ ಅಳಿಸೋಕಾಗುತ್ತಾ ಅಂತ ಇವತ್ತೇ ನೋಡ್ತೇನೆ.

ಕುಮಟಾ ವಕೀಲ
ಕಾನೂನಿನ ವಿಷಯ ಕೇಳಿದ್ರಿ, ಅದಕ್ಕೆ ಬರ್ತೇನೆ.

ನಮ್ಮ ದೇಶದಲ್ಲಿ ಸ್ವಂತ ಬೈಕಿಗೆ ಟ್ರ್ಯಾಕಿಂಗ್ ಸಾಧನ ಕಡ್ಡಾಯ ಇಲ್ಲ. ಬಸ್ಸು, ಟ್ಯಾಕ್ಸಿಯಂಥ ಸಾರ್ವಜನಿಕ ವಾಹನಕ್ಕೆ ಎಐಎಸ್ 140 ಮಾನದಂಡದ ಟ್ರ್ಯಾಕಿಂಗ್ ಸಾಧನ, ಪ್ಯಾನಿಕ್ ಬಟನ್ ಬೇಕು ಅಂತ ನಿಯಮ ಮಾಡಿದಾಗಲೇ ದ್ವಿಚಕ್ರವನ್ನು ಹೊರಗಿಟ್ಟರು. ಹಾಗಾಗಿ ನಿಮ್ಮ ಬೈಕಿನಲ್ಲಿರೋ ದಾಖಲೆ ಸರ್ಕಾರ ಕೇಳಿದ್ದಲ್ಲ, ತಯಾರಕರು ತಾವಾಗಿ ಇಟ್ಟದ್ದು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ಕ್ಕೆ ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ತೀರ್ಪು ಬಂದಾಗ ತೊಂಬತ್ತು ದಾಟಿದ್ದ ಹಿರಿಯರು. ನನಗೆ ಇದನ್ನು ಹೇಳುವಾಗಲೆಲ್ಲ ಹೆಮ್ಮೆ ಆಗುತ್ತೆ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಒಪ್ಪಿಗೆ ಅನ್ನೋದು ಸ್ವಇಚ್ಛೆಯಿಂದ, ಯಾವ ಉದ್ದೇಶಕ್ಕೆ ಅಂತ ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯೋಕೂ ಬರಬೇಕು. ನನ್ನ ಬಗ್ಗೆ ಏನಿದೆ ತೋರಿಸಿ ಅಂತ ಕೇಳೋ ಹಕ್ಕು, ಅಳಿಸಿ ಅನ್ನೋ ಹಕ್ಕು ಎರಡೂ ಇವೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಲಮುಗಳು ಪೂರ್ತಿ ಜಾರಿಯಾಗೋಕೆ 18 ತಿಂಗಳು ಅವಧಿ ಇಟ್ಟಿದ್ದಾರೆ. ಆದ್ರೆ ಕಾನೂನಿನ ಹಕ್ಕು ಸಾಧಿಸೋಕೆ, ಅಪರಾಧ ತನಿಖೆಗೆ ದತ್ತಾಂಶ ಬಳಸೋದಾದ್ರೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ. ಪೊಲೀಸರು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 94ನೇ ಕಲಮಿನಡಿ ಲಿಖಿತ ಆದೇಶ ಕೊಟ್ಟು ತರಿಸಿಕೊಳ್ಳಬಹುದು.

ಸವಾರರಿಗೆ ಉಪಯೋಗ ಆಗೋದು ಇನ್ನೊಂದು. ಕೋರ್ಟಿನಲ್ಲಿ ಇಂಥ ದಾಖಲೆ ನಿಲ್ಲಬೇಕಾದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಸಾಧನ ಯಾರ ಸುಪರ್ದಿಯಲ್ಲಿತ್ತೋ ಅವರ ಸಹಿ ಒಂದು ಭಾಗ, ತಜ್ಞರ ಸಹಿ ಇನ್ನೊಂದು ಭಾಗ, ಜೊತೆಗೆ ದಾಖಲೆ ತಿದ್ದಿಲ್ಲ ಅಂತ ತೋರಿಸೋ ಹ್ಯಾಶ್ ಸಂಖ್ಯೆ. ಪತ್ರದಲ್ಲಿ "91" ಅಂತ ಬರೆದ ಮಾತ್ರಕ್ಕೆ ಅದು ಸಾಕ್ಷ್ಯ ಆಗಲ್ಲ.

ಬಿಣಗಾ ಕಡಲು
ಹೊರದೇಶದಲ್ಲಿ ಹೇಗಿದೆ ವಕೀಲರೇ?

ಕುಮಟಾ ವಕೀಲ
ಅಮೆರಿಕದಲ್ಲಿ 2015ರ ಚಾಲಕರ ಖಾಸಗಿತನ ಕಾಯ್ದೆ ಪ್ರಕಾರ ಅಪಘಾತ ದಾಖಲೆ ವಾಹನದ ಮಾಲೀಕನದ್ದು. ಲೀಸಿಗೆ ತಗೊಂಡಿದ್ರೆ ತಗೊಂಡವನದ್ದು. ಕೋರ್ಟ್ ಆದೇಶ ಅಥವಾ ಮಾಲೀಕನ ಒಪ್ಪಿಗೆಯಂಥ ಕೆಲವೇ ಸಂದರ್ಭಗಳಲ್ಲಿ ತೆಗೆಯಬಹುದು. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಅಪಘಾತ ದಾಖಲಾತಿ ಸಾಧನ ಕಡ್ಡಾಯ, ಆದ್ರೆ ಮಾಲೀಕನ ಗುರುತು ಸಿಗದ ಹಾಗೆ ಇಡಬೇಕು. ಆ ನಿಯಮಕ್ಕೆ ಬೈಕ್ ಸೇರಿಲ್ಲ.

ಬಿಣಗಾ ಕಡಲು
ನಮ್ಮ ಕಡೆ ಇನ್ನೊಂದು ತಲೆಬಿಸಿ ಇದೆ. ಅರಗಾದ ಆಚೆ ನೌಕಾನೆಲೆ, ಅತ್ತ ಕೈಗಾ. ಅಲ್ಲಿ ದಿನಾ ಪಾಳಿಗೆ ಹೋಗೋರು ನೂರಾರು ಜನ ಬೈಕಿನಲ್ಲೇ ಹೋಗೋದು. 2018ರ ಜನವರಿಯಲ್ಲಿ ಸ್ಟ್ರಾವಾ ಅನ್ನೋ ವ್ಯಾಯಾಮದ ಆ್ಯಪ್ ಹಾಕಿದ್ದ ನಕ್ಷೆಯಲ್ಲಿ ಸೇನಾ ನೆಲೆಗಳ ಒಳಗಿನ ಓಡಾಟದ ದಾರಿಗಳೇ ಬೆಳಗಿ ಕಾಣಿಸಿದ್ದು ನೆನಪಿದೆಯಾ? ಓಡಿದವರು ಯಾರೂ ಗುಟ್ಟು ಹೇಳಿರಲಿಲ್ಲ, ಬರೀ ಓಡಿದ್ರು. ಪ್ರತಿ ಪಾಳಿಯ ಸಮಯ, ಗೇಟಿನ ಜಾಗ, ಯಾರ ಮನೆ ಎಲ್ಲಿ ಅಂತ ಗಾಡಿಗಳೇ ಎಲ್ಲೋ ಒಂದು ಸರ್ವರ್‌ಗೆ ಹೇಳ್ತಿದ್ರೆ ಅದು ಒಬ್ಬನ ಖಾಸಗಿತನದ ಪ್ರಶ್ನೆಗಿಂತ ದೊಡ್ಡದು.

ಅಂಕೋಲಾ ವಿಮೆ
ನಾನು ವಿಮೆ ಏಜೆಂಟ್. ಎಲ್ಲರೂ ನಮ್ಮ ಕಡೆಗೆ ಬೆರಳು ತೋರಿಸೋ ಮುಂಚೆ ಕೆಲವು ವಿಷಯ.

ಥರ್ಡ್ ಪಾರ್ಟಿ, ಅಂದ್ರೆ ಬೇರೆಯವರಿಗಾದ ಹಾನಿಯ ವಿಮೆಯ ಪ್ರೀಮಿಯಂ ಕೇಂದ್ರ ಸರ್ಕಾರ ನಿಗದಿ ಮಾಡುತ್ತೆ. ನೀವು ಹೇಗೆ ಓಡಿಸ್ತೀರಿ ಅನ್ನೋದರ ಮೇಲೆ ಅದು ಬದಲಾಗಲ್ಲ. ನಮ್ಮ ಗಾಡಿಗಾದ ಹಾನಿಯ ಓನ್ ಡ್ಯಾಮೇಜ್‌ಗೆ ಮಾತ್ರ 2022ರ ಜುಲೈನಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಒಂದು ದಾರಿ ತೆರೆಯಿತು: ಎಷ್ಟು ಓಡಿಸ್ತೀರಿ, ಹೇಗೆ ಓಡಿಸ್ತೀರಿ ಅನ್ನೋದರ ಮೇಲೆ ಪ್ರೀಮಿಯಂ. ಅದು ನೀವು ಬೇಕು ಅಂತ ತಗೊಳ್ಳೋ ಹೆಚ್ಚುವರಿ ಕವರ್. ನಿಧಾನ ಓಡಿಸೋರಿಗೆ ಲಾಭವೂ ಇದೆ.

ಸುಳ್ಳು ಕ್ಲೇಮ್ ಎಷ್ಟು ಬರ್ತವೆ ಅಂತ ಒಳಗಿದ್ದವರಿಗೆ ಗೊತ್ತು. ದಾಖಲೆ ಇದ್ರೆ ಪ್ರಾಮಾಣಿಕರಿಗೇ ಒಳ್ಳೇದು.

ಯಾಣದ ಬಂಡೆ
ಪ್ರಾಮಾಣಿಕರಾದ ಸವಾರರ ಕ್ಲೇಮೇ ನಿಂತಿದೆಯಲ್ಲ ಸರ್? ಅಮೆರಿಕದಲ್ಲಿ ಏನಾಯ್ತು ನೋಡಿ. ಜನರಲ್ ಮೋಟಾರ್ಸ್ ಕಾರಿನವರ ಚಾಲನೆಯ ದತ್ತಾಂಶ ಅವರಿಗೆ ಸರಿಯಾಗಿ ತಿಳಿಸದೆ ಮಾರಾಟ ಆಗಿ, ವಿಮೆ ಕಂಪನಿಗಳ ಕೈ ಸೇರಿತು ಅಂತ 2025ರ ಜನವರಿಯಲ್ಲಿ ಗ್ರಾಹಕರ ಹಿತ ಕಾಯೋ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. ಗ್ರಾಹಕರ ಬಗ್ಗೆ ವರದಿ ತಯಾರಿಸೋ ಸಂಸ್ಥೆಗಳಿಗೆ ಐದು ವರ್ಷ ಅಂಥ ದತ್ತಾಂಶ ಕೊಡೋ ಹಾಗಿಲ್ಲ ಅಂದ್ರು. ಗಾಡಿ ಕೊಂಡವರಿಗೆ ಅದು ತಿಳಿದದ್ದು ಪ್ರೀಮಿಯಂ ಏರಿದ ಮೇಲೆ.

ಅಂಕೋಲಾ ವಿಮೆ
ಅದನ್ನು ಒಪ್ತೇನೆ. ಸವಾರರೇ, ನಿಮಗೆ ನೇರ ಸಲಹೆ. ಲೈಸೆನ್ಸ್ ಇಲ್ಲದೆ, ಕುಡಿದು ಓಡಿಸಿದ್ರೆ ಪಾಲಿಸಿಯಲ್ಲೇ ಹೊರಗಿಟ್ಟಿದೆ. ವೇಗ ಹೆಚ್ಚಿತ್ತು ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಮೇಲೆ ಬಂದದ್ದು ತಪ್ಪು ಹೇಳಿಕೆ ಕೊಟ್ಟಿದ್ದೀರಿ ಅನ್ನೋ ಆಕ್ಷೇಪ. ಹಾಗಾಗಿ ನಷ್ಟ ಅಂದಾಜು ಮಾಡಿದ ಸರ್ವೇಯರ್ ವರದಿಯ ಪ್ರತಿ ಕೇಳಿ, ಅದು ನಿಮ್ಮ ಹಕ್ಕು. ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ರೆ ಅಥವಾ ಉತ್ತರ ಸರಿ ಕಾಣದಿದ್ರೆ ದೂರು ಇತ್ಯರ್ಥ ಮಾಡೋಕೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಲ್ಲ.

ಬೈತಖೋಲ್ ಬಂದರು
ನನ್ನದೊಂದು ಸಣ್ಣ ಪ್ರಶ್ನೆ. ಬೈಕಿನ ಆ್ಯಪ್ ಹಾಕುವಾಗ ಕಾಂಟ್ಯಾಕ್ಟ್, ಕಾಲ್ ಲಾಗ್, ಮೆಸೇಜ್ ಎಲ್ಲ ಕೇಳ್ತು. ಯಾಕೆ?

ಶಿರಸಿ ಗ್ಯಾರೇಜ್
ಮೀಟರಿನಲ್ಲಿ ಯಾರ ಕರೆ ಬಂತು ಅಂತ ಹೆಸರು ತೋರಿಸೋಕೆ. ಬೇಡ ಅನ್ನಿ, ಗಾಡಿ ಓಡುತ್ತೆ. ಲೊಕೇಶನ್ ಕೂಡ "ಆ್ಯಪ್ ಬಳಸುವಾಗ ಮಾತ್ರ" ಅಂತ ಇಡಿ. ಆದ್ರೆ ಗಾಡಿ ಕಡೆಗೆ ನಿಲ್ಲಿಸಿದ ಜಾಗ ತೋರಿಸೋದು ಇದೆಯಲ್ಲ, ಅದು ಮಾರಿಕಾಂಬಾ ಜಾತ್ರೆಯ ರಾತ್ರಿ ನಿಜಕ್ಕೂ ಉಪಕಾರ. ಸಾವಿರ ಗಾಡಿ ನಡುವೆ ನಮ್ಮದನ್ನ ಹುಡುಕೋ ಪಾಡು ಅನುಭವಿಸಿದವರಿಗೆ ಗೊತ್ತು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳೋರಿಗೂ ಒಂದು ಮಾತು. ಆರ್‌ಸಿ ನಿಮ್ಮ ಹೆಸರಿಗೆ ಬಂದ್ರೆ ಕೆಲಸ ಮುಗಿಯಿತು ಅನ್ಕೋಬೇಡಿ. ಹಳೇ ಮಾಲೀಕನ ಆ್ಯಪ್ ಖಾತೆ ಬಿಡಿಸಿದ್ದಾರಾ ನೋಡಿ. ಹೋದ ವರ್ಷ ನನ್ನ ಹತ್ರ ಬಂದ ಒಂದು ಸ್ಕೂಟರ್ ಸಿದ್ದಾಪುರದಿಂದ ಶಿರಸಿಗೆ ಮಾರಾಟ ಆಗಿ ಎಂಟು ತಿಂಗಳಾಗಿತ್ತು. ಹೊಸ ಮಾಲೀಕರ ಮನೆ ಬಾಗಿಲು ಇನ್ನೂ ಹಳಬರ ಫೋನಿನಲ್ಲಿ ಕಾಣ್ತಿತ್ತು.

ಅಘನಾಶಿನಿ ತೀರ
ಖಾತೆ ಬದಲಾಯಿಸೋಕೆ ಆಗುತ್ತಾ? ಶೋರೂಮಿನಲ್ಲಿ ಕೇಳಿದ್ರೆ "ಮನೆಯಲ್ಲಿ ಕೇಳಿಕೊಂಡು ಬನ್ನಿ" ಅಂದ್ರು.

ಕುಮಟಾ ವಕೀಲ
ಆರ್‌ಸಿ ಯಾರ ಹೆಸರಲ್ಲಿದೆ?

ಅಘನಾಶಿನಿ ತೀರ
ನನ್ನ ಹೆಸರಲ್ಲೇ.

ಕುಮಟಾ ವಕೀಲ
ಹಾಗಿದ್ರೆ ಯಾರನ್ನೂ ಕೇಳೋ ಅಗತ್ಯ ಇಲ್ಲ ತಂಗಿ. ಆರ್‌ಸಿ ಪ್ರತಿ, ಗುರುತಿನ ಚೀಟಿ ಇಟ್ಟು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಹಾಕು, ಶೋರೂಮಿಗೆ ಅಲ್ಲ. "ವಾಹನದ ನೋಂದಾಯಿತ ಮಾಲೀಕಳು ನಾನು, ಖಾತೆಯನ್ನು ನನ್ನ ನಂಬರಿಗೆ ವರ್ಗಾಯಿಸಿ, ಹಿಂದಿನ ಓಡಾಟದ ದಾಖಲೆ ಅಳಿಸಿ" ಅಂತ ಎರಡು ಸಾಲು ಸಾಕು.

ಘಟ್ಟದ ಮೇಲಿನವ
ಮೊದಲು ನಾನು ಹೇಳಿದ್ದು ಪೂರ್ತಿ ವಾಪಸ್ ತಗೊಳ್ಳಲ್ಲ. ವೇಗವಾಗಿ ಓಡಿಸಿ ಇನ್ನೊಬ್ಬರನ್ನ ಕೊಂದವನ ಗಾಡಿಯ ದಾಖಲೆ ಕೋರ್ಟಿಗೆ ಬರಲೇಬೇಕು. ಆದ್ರೆ ಅದು ಆದೇಶದ ಮೂಲಕ ಬರಲಿ, ರಿಪೇರಿ ಶೆಡ್ಡಿನ ಹಿಂಬಾಗಿಲಿನಿಂದ ಬರೋದು ಬೇಡ. ಮತ್ತೆ ತಂಗಿ ಹೇಳಿದ್ದು ಓದಿ ನನ್ನ ಮಗಳ ಸ್ಕೂಟರಿನ ಆ್ಯಪ್ ನನ್ನ ಫೋನಿನಲ್ಲಿರೋದು ನೆನಪಾಯ್ತು. ಅವಳಿಗೆ ಅದು ಗೊತ್ತಿದೆಯೋ ಇಲ್ಲವೋ, ನಾನು ಯಾವತ್ತೂ ಹೇಳಿಲ್ಲ. ರಾತ್ರಿ ಮಾತಾಡ್ತೇನೆ.

ಸದಾಶಿವಗಡ ಸವಾರ
ಹದಿನೆಂಟು ದಿನ ಆಯ್ತು, ಆದದ್ದು ಹೇಳ್ತೇನೆ.

ವಿಮೆಯವರು ಹೇಳಿದ ಹಾಗೆ ಸರ್ವೆ ವರದಿ ಕೇಳಿದೆ, ಗ್ಯಾರೇಜಿನವರು ಹೇಳಿದ ಹಾಗೆ ಪೂರ್ತಿ ಹಾಳೆಯನ್ನೂ ಕೇಳಿದೆ. ಮೊದಲು "ಅದು ಆಂತರಿಕ" ಅಂದ್ರು. ವಕೀಲರು ಹೇಳಿದ 63ನೇ ಕಲಮಿನ ಪ್ರಮಾಣಪತ್ರ ಕೊಡಿ ಅಂತ ಎರಡನೇ ಪತ್ರ ಬರೆದೆ, ಮೂರು ದಿನಕ್ಕೆ ಹಾಳೆ ಬಂತು. ಎರಡು ಪುಟ. ಬೀಳೋಕೆ ಮುಂಚಿನ ಸಾಲುಗಳಲ್ಲಿ ಮುಂದಿನ ಚಕ್ರ 52, 51, 47, 38. ಹಿಂದಿನದೂ ಅಷ್ಟೇ. ಆಮೇಲೆ ಮುಂದಿನ ಚಕ್ರ 0, ಹಿಂದಿನದು 91. ಅದೇ ಸಾಲಿನಲ್ಲಿ ಗಾಡಿ ಮಲಗಿದೆ ಅನ್ನೋ ಗುರುತೂ ಇದೆ. ಗಾಡಿಯೂ ನಾನೂ ಮಣ್ಣಿನಲ್ಲಿ ಜಾರ್ತಾ ಇದ್ದ ಹೊತ್ತದು.

ಎರಡು ಪುಟದಲ್ಲಿ ಅವರು ಓದಿದ್ದು ಒಂದೇ ಅಂಕಿ. ಮೇಲಿನ ಸಾಲಿನ 52 ನನ್ನ ಮಾತನ್ನೇ ಹೇಳ್ತಿತ್ತು. ಕೈಯಲ್ಲಿ ಆ ಹಾಳೆ ಹಿಡಿದು ಸುಮಾರು ಹೊತ್ತು ಸುಮ್ಮನೆ ಕೂತೆ. ಇದೇ ದಾಖಲೆ ಮೊದಲ ದಿನವೇ ನನ್ನ ಕೈಗೆ ಸಿಕ್ಕಿದ್ರೆ ನಾನೇ ಕ್ಲೇಮ್ ಜೊತೆ ಲಗತ್ತಿಸ್ತಿದ್ದೆ. ಬೈಕ್ ಬರೆದಿಟ್ಟದ್ದಕ್ಕೆ ಈಗ ನನಗೆ ಸಿಟ್ಟಿಲ್ಲ. ಬೇರೆಯವರು ನನಗಿಂತ ಮೊದಲು ಓದಿದ್ದಕ್ಕೆ, ಅರ್ಧ ಮಾತ್ರ ಓದಿದ್ದಕ್ಕೆ ಸಿಟ್ಟು ಇದೆ. ಕ್ಲೇಮ್ ಮತ್ತೆ ಪರಿಶೀಲನೆಗೆ ತಗೊಂಡಿದ್ದಾರೆ, ದುಡ್ಡು ಇನ್ನೂ ಬಂದಿಲ್ಲ. ಕೇಳದೆ ಯಾಕೆ ತೆಗೆದ್ರಿ ಅನ್ನೋ ಪ್ರಶ್ನೆಗೆ ಶೋರೂಮಿನಿಂದ ಉತ್ತರವೂ ಬಂದಿಲ್ಲ. ಅದನ್ನು ಬಿಡೋದಿಲ್ಲ.

ಶಿರಸಿ ಗ್ಯಾರೇಜ್
52, 51, 47, 38 ಅಂದ್ರೆ ಬ್ರೇಕ್ ಸರಿಯಾಗೇ ಹಿಡಿದಿದ್ದೀರಿ. ಎಬಿಎಸ್ ಕೂಡ ಕೆಲಸ ಮಾಡಿದೆ, ಮಣ್ಣು ಮಾತ್ರ ಕೈಕೊಟ್ಟಿತು. ಇನ್ನು ಮೇಲೆ ಗಾಡಿ ಬಿಡುವಾಗ ಜಾಬ್ ಕಾರ್ಡ್ ಮೇಲೆ "ನನ್ನ ಲಿಖಿತ ಒಪ್ಪಿಗೆ ಇಲ್ಲದೆ ದಾಖಲೆ ಹೊರಗೆ ಕೊಡಬಾರದು" ಅಂತ ಬರೆದು ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಗ್ಯಾರೇಜಿನ ಜಾಬ್ ಕಾರ್ಡಿಗೆ ಈ ಸಾಲು ಸೇರಿಸಿ ಅಚ್ಚಿಗೆ ಕೊಟ್ಟಿದ್ದೇನೆ.

ಅಘನಾಶಿನಿ ತೀರ
ನನ್ನದೂ ಆಯ್ತು. ಇಮೇಲ್ ಹಾಕಿದ ಒಂಬತ್ತನೇ ದಿನಕ್ಕೆ ಖಾತೆ ನನ್ನ ನಂಬರಿಗೆ ಬಂತು. ಅಣ್ಣನಿಗೆ ಮೊದಲೇ ಹೇಳಿದ್ದೆ, ಎರಡು ದಿನ ಮಾತಾಡಲಿಲ್ಲ. ನಿನ್ನೆ "ಮಳೆಯಲ್ಲಿ ತಡವಾದ್ರೆ ಒಂದು ಫೋನ್ ಮಾಡು" ಅಂದ. ಮಾಡ್ತೇನೆ ಅಂದೆ.